ಆಸ್ಪತ್ರೆಯಲ್ಲಿ ಯಾವ ನೀರು ಕೊಡಬೇಕು? ಬಾಟಲಿ, ಕ್ಯಾನ್, ಫಿಲ್ಟರ್, ಕುದಿಸಿದ ನೀರು

ಆಸ್ಪತ್ರೆಯಲ್ಲಿ ಇರುವವರಿಗೆ ಯಾವ ನೀರು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಯಾರಿಗೆ? ಜೊತೆಗಿರುವ ನಿಮಗೋ, ಕಾಲು ಮುರಿದು ಮಲಗಿರುವವರಿಗೋ, ಕ್ಯಾನ್ಸರಿಗೆ ಕೀಮೊ ತೆಗೆದುಕೊಳ್ಳುತ್ತಿರುವವರಿಗೋ, ಹತ್ತು ದಿನದ ಕೂಸಿಗೋ? ಈ ನಾಲ್ಕು ಜನಕ್ಕೂ ಒಂದೇ ನೀರು ಸರಿಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ಅಪ್ಪನ ಹಾಸಿಗೆಯ ಪಕ್ಕ ಕೂತು. ಅವರಿಗೆ ಕೀಮೊ ನಡೆಯುತ್ತಿತ್ತು. ನಲ್ಲಿ ನೀರು ಬೇಡವೇ ಬೇಡ ಅಂತ ನಾನು ದಿನಾ ಸೀಲ್ ಇರುವ ಒಂದು ಲೀಟರ್ ಬಾಟಲಿ ತರುತ್ತಿದ್ದೆ. ಬೆಳಿಗ್ಗೆ ತೆರೆದರೆ ರಾತ್ರಿವರೆಗೂ ಅದೇ. ಒಂದು ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಆ ಬಾಟಲಿ ಎತ್ತಿ ನೋಡಿ, "ಇದನ್ನ ಯಾವಾಗ ತೆರೆದ್ರಿ?" ಅಂದರು. ಬೆಳಿಗ್ಗೆ ಅಂದೆ. "ಹಾಗಾದ್ರೆ ಬೇಡ. ಅವರ ಕೌಂಟ್ ತುಂಬಾ ಕಮ್ಮಿ ಇದೆ. ಕುದಿಸಿ ಆರಿಸಿದ ನೀರು ಕೊಡಿ" ಅಂದರು. ಕೌಂಟ್ ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ. ನನಗೆ ಒಳಗೊಳಗೇ ಬೇಸರವಾಯಿತು. ದುಡ್ಡು ಕೊಟ್ಟು ತಂದ ಬಾಟಲಿಗಿಂತ ನಲ್ಲಿ ನೀರನ್ನು ಕುದಿಸಿದ್ದು ಮೇಲಾ? ಹೌದು, ಅಪ್ಪನ ಅವತ್ತಿನ ಸ್ಥಿತಿಗೆ ಅದೇ ಮೇಲು. ಯಾಕೆ ಅನ್ನುವುದು ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಯಿತು.

ಕುಡಿಯಲು ಯೋಗ್ಯ ಬೇರೆ, ಸ್ಟೆರೈಲ್ ಬೇರೆ

ಪ್ಯಾಕ್ ಮಾಡಿದ ಕುಡಿಯುವ ನೀರು ಅಂದರೆ ಕಾಯಿಲೆ ತರುವ ಸೂಕ್ಷ್ಮಜೀವಿಗಳು ಇರಬಾರದು, ಅಪಾಯದ ರಾಸಾಯನಿಕಗಳು ಮಿತಿಯೊಳಗೆ ಇರಬೇಕು ಅಂತ ನೋಡಿ ತುಂಬಿದ ನೀರು. ಸ್ಟೆರೈಲ್ ಅಂದರೆ ಜೀವಂತ ಸೂಕ್ಷ್ಮಜೀವಿ ಒಂದೂ ಇಲ್ಲದ್ದು. ಪ್ಯಾಕ್ ಮಾಡಿದ ನೀರಿನಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲ ಅಂತ ಯಾರೂ ಹೇಳಿಲ್ಲ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬದುಕುವ ಸಾಧು ಬ್ಯಾಕ್ಟೀರಿಯಾಗಳು ಅದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಇದ್ದೇ ಇರುತ್ತವೆ. ತುಂಬಿದ ದಿನ ಕೆಲವೇ ಇದ್ದವು, ಬಾಟಲಿ ಅಂಗಡಿಯಲ್ಲಿ ಕೂತಿರುವ ಕೆಲವು ದಿನಗಳಲ್ಲೇ ಒಂದು ಮಿಲಿಲೀಟರ್‌ಗೆ ಸಾವಿರಾರು ಆಗಬಹುದು. ಗಟ್ಟಿಮುಟ್ಟಾದವರ ಹೊಟ್ಟೆಗೆ ಇದರಿಂದ ಏನೂ ಆಗುವುದಿಲ್ಲ. ಹಾಗಾಗಿ ಇದು ಬಾಟಲಿ ಕಂಪನಿಯ ಮೋಸವೂ ಅಲ್ಲ, ನೀರು ಕೆಟ್ಟಿದೆ ಅಂತಲೂ ಅಲ್ಲ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಸರಿಯಾಗಿ ಶುದ್ಧ ಮಾಡಿದ ನಲ್ಲಿ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರುತ್ತದೆ. ಮನೆ ತಲುಪುವ ಹೊತ್ತಿಗೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ದಾರಿಯಲ್ಲಿ ಏನಾದರೂ ಸೇರಿದರೆ ಅದನ್ನು ಕೊಲ್ಲಲು ಇಟ್ಟ ಕಾವಲು ಅದು. ಬಾಟಲಿ ನೀರಿಗೆ ಸಾಮಾನ್ಯವಾಗಿ ಓಝೋನ್ ಅನಿಲ ಅಥವಾ ಯುವಿ (ಅತಿನೇರಳೆ) ಬೆಳಕು ಬಳಸುತ್ತಾರೆ. ಓಝೋನ್ ಬೇಗ ಒಡೆದು ಆಮ್ಲಜನಕವಾಗಿಬಿಡುತ್ತದೆ. ಯುವಿ ಅಂತೂ ಬೆಳಕು, ಬಿದ್ದ ಕ್ಷಣಕ್ಕಷ್ಟೇ ಕೆಲಸ. ಅಂದರೆ ಮುಚ್ಚಳ ತೆರೆದ ಮೇಲೆ ಆ ನೀರನ್ನು ಕಾಯುವವರು ಒಳಗೆ ಯಾರೂ ಇಲ್ಲ. ಬಾಯಿ ಇಟ್ಟು ಕುಡಿದರೆ ಬಾಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತವೆ, ವಾರ್ಡಿನ ಬೆಚ್ಚಗಿನ ಗಾಳಿಯಲ್ಲಿ ಆರಾಮಾಗಿ ಬೆಳೆಯುತ್ತವೆ. ಸಿಸ್ಟರ್ ಯಾವ ಕಂಪನಿ ಅಂತ ಕೇಳಲಿಲ್ಲ. ಯಾವಾಗ ತೆರೆದಿರಿ ಅಂತ ಕೇಳಿದರು. ಸರಿಯಾದ ಪ್ರಶ್ನೆ ಅದೇ.

ಚಿಕ್ಕ ಬಾಟಲಿಯೋ, 20 ಲೀಟರ್ ಕ್ಯಾನೋ?

ಎರಡರಲ್ಲೂ ಇರುವುದು ಒಂದೇ ಕಾರ್ಖಾನೆಯ ನೀರು ಆಗಿರಬಹುದು. ಆದರೂ ನನ್ನ ಮಟ್ಟಿಗೆ ರೋಗಿಯ ಹಾಸಿಗೆ ಪಕ್ಕ ಚಿಕ್ಕ ಬಾಟಲಿಯೇ ಸರಿ, ಅದೂ ಕಾಲು ಲೀಟರ್ ಅಥವಾ ಅರ್ಧ ಲೀಟರಿನದು. ಎರಡು ಮೂರು ಗಂಟೆಯಲ್ಲಿ ಖಾಲಿಯಾಗುತ್ತದೆ, ಮುಂದಿನದು ಹೊಸ ಸೀಲ್. ಪ್ಲಾಸ್ಟಿಕ್ ಜಾಸ್ತಿ ಆಗುತ್ತದೆ, ಖರ್ಚೂ ಜಾಸ್ತಿ. ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಕ್ಯಾನಿನ ತೊಂದರೆ ಕ್ಯಾನಿನಲ್ಲಿ ಕಡಿಮೆ, ಅದನ್ನು ಕೂರಿಸುವ ಡಿಸ್ಪೆನ್ಸರಿನಲ್ಲಿ ಜಾಸ್ತಿ. ಕ್ಯಾನ್ ವಾಪಸ್ ಹೋಗಿ, ತೊಳೆದು, ಮತ್ತೆ ತುಂಬಿಸಿಕೊಂಡು ಬರುತ್ತದೆ. ತೊಳೆಯುವುದು ಎಷ್ಟು ಚೆನ್ನಾಗಿ ಆಗಿದೆ ಅನ್ನುವುದು ಮೊದಲ ಪ್ರಶ್ನೆ. ಆಮೇಲೆ ಅದನ್ನು ಯಾರೋ ಎತ್ತಿ, ಕತ್ತಿಗೆ ಕೈ ತಾಗಿಸಿ, ಬೋರಲು ಹಾಕುತ್ತಾರೆ. ನೀರು ಕೆಳಗಿನ ಪುಟ್ಟ ಟ್ಯಾಂಕಿಗೆ ಇಳಿಯುತ್ತದೆ. ಇಳಿದಷ್ಟೂ ಹೊರಗಿನ ಗಾಳಿ ಮೇಲೇರುತ್ತದೆ. ಆ ಟ್ಯಾಂಕನ್ನು ತಿಂಗಳುಗಟ್ಟಲೆ ತೊಳೆಯದಿದ್ದರೆ ಗೋಡೆಯ ಮೇಲೆ ಕಣ್ಣಿಗೆ ಕಾಣದ ಲೋಳೆ ಪದರ ಕಟ್ಟುತ್ತದೆ. ಕೆರೆ ಕಲ್ಲಿನ ಮೇಲಿನ ಜಾರು ಇರುತ್ತದಲ್ವಾ, ಅದೇ ಜಾತಿಯದು. ಇದರೊಳಗೆ ಅವಿತ ಬ್ಯಾಕ್ಟೀರಿಯಾಗಳಿಗೆ ಕ್ಲೋರಿನ್ ಕೂಡ ಅಷ್ಟು ಸುಲಭವಾಗಿ ತಟ್ಟುವುದಿಲ್ಲ. ಮೇಲೆ ಎಷ್ಟೇ ಒಳ್ಳೆಯ ಕ್ಯಾನ್ ಹಾಕಿದರೂ ಲೋಟಕ್ಕೆ ಬರುವುದು ಈ ಪದರವನ್ನು ತೊಳೆದುಕೊಂಡು ಬಂದ ನೀರು. ನಲ್ಲಿಯ ಬಾಯಿಯನ್ನು ದಿನಕ್ಕೆ ನೂರು ಕೈ ಮುಟ್ಟುತ್ತವೆ, ಅದು ಬೇರೆ.

ಹಾಗಂತ ಕ್ಯಾನ್ ಪೂರ್ತಿ ಬೇಡ ಅಂತಲ್ಲ. ಜೊತೆಗಿರುವವರಿಗೆ, ಹೊರರೋಗಿ ವಿಭಾಗದಲ್ಲಿ ಕಾಯುವವರಿಗೆ ಅದು ಸಾಕು. ಡಿಸ್ಪೆನ್ಸರ್ ಮೇಲೆ ಕೊನೆಯ ಬಾರಿ ತೊಳೆದ ತಾರೀಖು ಬರೆದಿದ್ದರೆ ನನಗೆ ಧೈರ್ಯ. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟು, ಕ್ಯಾನಿನ ಒಳಗೆ ಹಸಿರು ಛಾಯೆ ಕಂಡರೆ ಕುಡಿಯಬೇಡಿ, ಅದು ಪಾಚಿ.

ಬಾಟಲಿ ಕೊಳ್ಳುವಾಗ ನೋಡಬೇಕಾದ್ದು ಸ್ವಲ್ಪವೇ. ಮುಚ್ಚಳದ ಕೆಳಗಿನ ಉಂಗುರ ಒಡೆದಿರಬಾರದು. ತಿರುಗಿಸಿದಾಗ ಟಕ್ ಅಂತ ಬಿಡಬೇಕು, ಸುಮ್ನೆ ಬಿಚ್ಚಿಕೊಂಡರೆ ವಾಪಸ್ ಕೊಡಿ. ತಯಾರಾದ ತಾರೀಖು ಹತ್ತಿರದ್ದು ಇದ್ದಷ್ಟೂ ಒಳ್ಳೆಯದು. ಬಿಸಿಲಿನಲ್ಲಿ ಪೇರಿಸಿಟ್ಟ ರಾಶಿಯಿಂದ ತೆಗೆದುಕೊಳ್ಳಬೇಡಿ. ಖಾಲಿ ಬಾಟಲಿಗೆ ಮತ್ತೆ ನೀರು ತುಂಬಬೇಡಿ. ಅದರ ಕಿರಿದಾದ ಕತ್ತನ್ನು ಒಳಗಿನಿಂದ ಉಜ್ಜಿ ತೊಳೆಯಲು ಆಗುವುದಿಲ್ಲ. ಖಾಲಿಯಾದದ್ದನ್ನು ಹಿಂಡಿ ಬಿಸಾಡಿದರೆ ಬೇರೆಯವರು ತುಂಬಿ ಮಾರುವುದೂ ತಪ್ಪುತ್ತದೆ.

ಮಿನರಲ್ ವಾಟರ್ ಅಂದರೆ ಮೇಲ್ದರ್ಜೆಯದಾ?

ಮಾತಿನಲ್ಲಿ ನಾವು ಎಲ್ಲ ಬಾಟಲಿಗೂ ಮಿನರಲ್ ವಾಟರ್ ಅಂತಲೇ ಅನ್ನುತ್ತೇವೆ. ಆದರೆ ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಇವೆರಡನ್ನೂ ಬೇರೆ ಬೇರೆ ಮಾಡಿ ಇಟ್ಟಿದೆ. ನಿಜವಾದ ನೈಸರ್ಗಿಕ ಮಿನರಲ್ ವಾಟರ್ ನೆಲದಡಿಯ ಒಂದು ನಿರ್ದಿಷ್ಟ ಸೆಲೆಯಿಂದ ಬರಬೇಕು, ಅಲ್ಲೇ ಹತ್ತಿರದಲ್ಲಿ ತುಂಬಬೇಕು. ಅದರ ಸಹಜ ಸೂಕ್ಷ್ಮಜೀವಿಗಳನ್ನು ಬದಲಿಸುವಂತೆ ಸೋಂಕು ತೊಲಗಿಸುವ ಹಾಗಿಲ್ಲ. ಗಮನಿಸಿದಿರಾ? ಜಾಸ್ತಿ ದುಡ್ಡು ಕೊಟ್ಟು ತಂದ ಈ ನೀರಿನಲ್ಲಿ ಸಹಜ ಬ್ಯಾಕ್ಟೀರಿಯಾಗಳು ಉಳಿದಿರುವುದು ನಿಯಮದ ಪ್ರಕಾರವೇ. ಆರೋಗ್ಯವಂತರಿಗೆ ಅದು ಚೆನ್ನಾಗಿಯೇ ಇರುತ್ತದೆ. ರೋಗನಿರೋಧಕ ಶಕ್ತಿ ಕುಸಿದವರಿಗೆ ಇದನ್ನು ನಾನು ಆರಿಸುವುದಿಲ್ಲ.

ಲವಣಗಳ ವಿಷಯವೂ ಇದೆ. ಕೆಲವು ಮಿನರಲ್ ವಾಟರ್‌ಗಳಲ್ಲಿ ಸೋಡಿಯಂ ಚೆನ್ನಾಗೇ ಇರುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ಉಪ್ಪು ಕಡಿಮೆ ಮಾಡಿ ಅಂದಿದ್ದರೆ ಲೇಬಲ್ ಓದಿ. ಯುರೋಪಿನ ನಿಯಮದಲ್ಲಿ ಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇದ್ದರೆ ಮಾತ್ರ ಅದನ್ನು ಉಪ್ಪು ಕಡಿಮೆ ಬೇಕಾದವರಿಗೆ ಸೂಕ್ತ ಅಂತ ಬರೆಯಬಹುದು. ಅಳತೆಗೆ ಅದೊಂದು ಒಳ್ಳೆಯ ಗುರುತು.

ವಾರ್ಡಿನ ಫಿಲ್ಟರ್ ನೀರು

ಆರ್‌ಓ ಫಿಲ್ಟರಿನಲ್ಲಿ ನೀರನ್ನು ಒತ್ತಡದಿಂದ ಹಾಯಿಸುವ ಪೊರೆಯ ರಂಧ್ರ ಎಷ್ಟು ಸಣ್ಣದು ಅಂದರೆ ಬ್ಯಾಕ್ಟೀರಿಯಾ ಇರಲಿ, ವೈರಸ್ ಕೂಡ ದಾಟುವುದು ಕಷ್ಟ. ಜೊತೆಗೆ ಲವಣಗಳನ್ನೂ ತಡೆಯುತ್ತದೆ, ಕ್ಲೋರಿನ್ನೂ ಉಳಿಯುವುದಿಲ್ಲ. ಹಾಗಾಗಿ ಶೋಧಿಸಿದ ನೀರು ಟ್ಯಾಂಕಿನಲ್ಲಿ ನಿಂತರೆ ಮತ್ತೆ ಅದೇ ಲೋಳೆ ಪದರದ ಕಥೆ. ಯುವಿ ದೀಪ ಉರಿಯುತ್ತಿದ್ದರೂ ಹಳೆಯದಾದಂತೆ ಶಕ್ತಿ ಕುಂದುತ್ತದೆ. ನೀರು ಕದಡಿದ್ದರೆ ಬೆಳಕು ಒಳಗೆ ಹೋಗುವುದೇ ಇಲ್ಲ. ಫಿಲ್ಟರ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಯಂತ್ರಕ್ಕಿಂತ ಅದನ್ನು ನೋಡಿಕೊಳ್ಳುವವರ ಮೇಲೆ ನಿಂತಿದೆ. ಕ್ಯಾಂಡಲ್ ಬದಲಿಸಿದ ತಾರೀಖಿನ ಚೀಟಿ ಅಂಟಿಸಿದ್ದರೆ, ನೀರಿನ ಪರೀಕ್ಷೆಯ ವರದಿ ಕೇಳಿದಾಗ ತೋರಿಸಿದರೆ, ಅಂಥ ಫಿಲ್ಟರಿನ ನೀರನ್ನು ಸಾಮಾನ್ಯ ರೋಗಿಗೆ ಧೈರ್ಯವಾಗಿ ಕೊಡಬಹುದು. ಎಷ್ಟೋ ಸಲ ಗೊತ್ತುಗುರಿಯಿಲ್ಲದ ಬಾಟಲಿಗಿಂತ ಅದೇ ವಾಸಿ.

ಇಲ್ಲಿ ಒಂದು ತಪ್ಪು ನಂಬಿಕೆ ಬಿಡಿಸಬೇಕು. ಟಿಡಿಎಸ್ ಮೀಟರ್ ಅದ್ದಿ, ಸಂಖ್ಯೆ ಕಡಿಮೆ ಬಂತು, ನೀರು ಸೇಫ್ ಅಂತ ಹೇಳುವವರು ತುಂಬಾ ಜನ. ಆ ಮೀಟರ್ ಅಳೆಯುವುದು ಕರಗಿದ ಲವಣಗಳನ್ನು. ಬ್ಯಾಕ್ಟೀರಿಯಾ ಕರಗಿದ ಲವಣ ಅಲ್ಲ. ಕೋಟಿ ಬ್ಯಾಕ್ಟೀರಿಯಾ ಇದ್ದರೂ ಮೀಟರ್ ಕದಲುವುದಿಲ್ಲ.

ಕೆಲವು ಆಸ್ಪತ್ರೆಗಳು ಕಸಿ ವಿಭಾಗ, ರಕ್ತದ ಕ್ಯಾನ್ಸರ್ ವಿಭಾಗಗಳಲ್ಲಿ ನಲ್ಲಿಯ ಬಾಯಿಗೇ 0.2 ಮೈಕ್ರಾನ್ ರಂಧ್ರದ ಫಿಲ್ಟರ್ ಹಾಕುತ್ತವೆ. ನೀರು ಲೋಟಕ್ಕೆ ಬೀಳುವ ಕೊನೆಯ ಕ್ಷಣದಲ್ಲಿ ಬ್ಯಾಕ್ಟೀರಿಯಾ ತಡೆಯುತ್ತದೆ. ತಯಾರಕರು ಹೇಳಿದ ದಿನಕ್ಕೆ ಬದಲಿಸುತ್ತಿದ್ದರೆ ಬಹಳ ಒಳ್ಳೆಯ ವ್ಯವಸ್ಥೆ.

ಕುದಿಸಿ ಆರಿಸಿದ ನೀರು

ಹಳೆಯ ವಿಧಾನ, ಆದರೆ ಇದರಷ್ಟು ನಂಬಬಹುದಾದದ್ದು ಇನ್ನೊಂದಿಲ್ಲ. ನೀರು ಮರಳಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಹಾಗೇ ಬಿಡಿ. ಸಮುದ್ರ ಮಟ್ಟದಿಂದ 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿ ಮೂರೂ ಸಾಯುತ್ತವೆ.

ಪರಾವಲಂಬಿಯ ಮಾತು ಯಾಕೆ ಅಂದರೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವುದೊಂದು ಇದೆ. ಕ್ಲೋರಿನ್‌ಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನೀರು ಸರಬರಾಜಿಗೆ ಅದು ಸೇರಿ ಸುಮಾರು 4 ಲಕ್ಷ ಜನಕ್ಕೆ ಭೇದಿಯಾಯಿತು. ಹೆಚ್ಚಿನವರು ಸುಧಾರಿಸಿಕೊಂಡರು. ಸತ್ತವರಲ್ಲಿ ಬಹುಪಾಲು ಏಡ್ಸ್ ಇದ್ದವರು. ಕುಡಿದ ನೀರು ಒಂದೇ, ಕುಡಿದ ದೇಹ ಬೇರೆ. ಕುದಿಸಿದರೆ ಈ ಜೀವಿ ಉಳಿಯುವುದಿಲ್ಲ.

ಕುದಿಸುವುದಕ್ಕೆ ಆಗದ ಕೆಲಸವೂ ಇದೆ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ ಇವು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸ್ವಲ್ಪ ಗಟ್ಟಿಯೇ ಆಗುತ್ತವೆ. ಹಾಗಾಗಿ ಮೂಲ ನೀರಿನ ಮೇಲೆ ಅನುಮಾನ ಇದ್ದರೆ ಪ್ಯಾಕ್ ಮಾಡಿದ ನೀರನ್ನೇ ಕುದಿಸಿ. ರಾಸಾಯನಿಕದ ಚಿಂತೆ ಬಾಟಲಿಯಿಂದ ತೀರುತ್ತದೆ, ಬ್ಯಾಕ್ಟೀರಿಯಾದ ಚಿಂತೆ ಬೆಂಕಿಯಿಂದ. ಅಪ್ಪನಿಗೆ ಕೊನೆಗೆ ನಾವು ಮಾಡಿದ್ದು ಇದನ್ನೇ.

ಕುದಿಸಿದ ಮೇಲಿನ ಎಚ್ಚರ ಕುದಿಸುವಷ್ಟೇ ಮುಖ್ಯ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಲು ಬಿಡಿ. ಬಗ್ಗಿಸಿ ಸುರಿಯಿರಿ, ಲೋಟ ಅದ್ದಬೇಡಿ. ಫ್ಲಾಸ್ಕಿನ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ. 24 ಗಂಟೆಯಾದರೆ ಚೆಲ್ಲಿ ಹೊಸದು ಕುದಿಸಿ. ಡಿಸ್ಪೆನ್ಸರಿನ ಬಿಸಿನೀರಿನ ನಲ್ಲಿಯನ್ನು ಕುದಿಸಿದ ನೀರು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದು ಕುದಿಯುವ ಮಟ್ಟ ಮುಟ್ಟಿರುವುದಿಲ್ಲ.

ಯಾರಿಗೆ ಯಾವುದು

ಜೊತೆಗಿರುವವರು, ಸಂದರ್ಶಕರು, ಮೂಳೆ ಮುರಿತ, ಸಣ್ಣ ಶಸ್ತ್ರಚಿಕಿತ್ಸೆಯಂಥ ಕಾರಣಕ್ಕೆ ಬಂದು ಉಳಿದಂತೆ ಗಟ್ಟಿಯಾಗಿರುವವರು: ಸೀಲ್ ಬಾಟಲಿ, ಚೆನ್ನಾಗಿ ನೋಡಿಕೊಂಡ ಫಿಲ್ಟರ್ ಎರಡೂ ಸರಿ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕೀಮೊ ನಡೆಯುತ್ತಿರುವವರು, ಅಂಗ ಅಥವಾ ಅಸ್ಥಿಮಜ್ಜೆ ಕಸಿಯಾದವರು, ಏಡ್ಸ್ ಮುಂದುವರಿದವರು, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಳ್ಳುವವರು ಬೇರೆ ಸಾಲಿಗೆ ಸೇರುತ್ತಾರೆ. ಇವರ ವೈರಿ ಹೆಚ್ಚಾಗಿ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಅದಕ್ಕೆ ತಿನ್ನಲು ಹೆಚ್ಚೇನೂ ಬೇಡ, ಡಿಸ್ಟಿಲ್ಡ್ ನೀರಿನಲ್ಲೂ ಬೆಳೆಯಬಲ್ಲದು. ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ. ಕೋಡೆಕ್ಸ್ ಪ್ರಕಾರ ಮಿನರಲ್ ವಾಟರಿನ 250 ಮಿಲಿಲೀಟರ್‌ನಲ್ಲಿ ಇದು ಒಂದೂ ಇರಬಾರದು. ಆದರೂ ತಪ್ಪುಗಳು ಆಗಿವೆ. ಜರ್ಮನಿಯಲ್ಲಿ ಐಸಿಯು ರೋಗಿಗಳಿಗೆ ಹರಡಿದ ಸ್ಯೂಡೋಮೊನಾಸ್ ಸೋಂಕಿನ ಮೂಲ ಹುಡುಕುತ್ತಾ ಹೋದವರಿಗೆ ಕೊನೆಗೆ ಸಿಕ್ಕಿದ್ದು ಬಾಟಲಿ ನೀರು. 2008ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದಲ್ಲಿ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ಕೊಲ್ಲುವ ಬಿಳಿ ರಕ್ತಕಣ) ಎಣಿಕೆ ಮೈಕ್ರೋಲೀಟರ್‌ಗೆ 500ಕ್ಕಿಂತ ಕೆಳಗೆ ಇಳಿದಿದ್ದರೆ ಬಾಟಲಿ ನೀರನ್ನೂ ಕುದಿಸಿ ಆರಿಸಿ ಕೊಡಿ, ಇಲ್ಲವೇ ವೈದ್ಯರು ಹೇಳಿದ ಸ್ಟೆರೈಲ್ ನೀರು ಕೊಡಿ. ಬಾಯಿ ಮುಕ್ಕಳಿಸಲು, ಹಲ್ಲುಜ್ಜಲು, ಮಾತ್ರೆ ನುಂಗಲು ಕೂಡ ಅದೇ ನೀರು. ಕೀಮೊದಿಂದ ಬಾಯಿ ಹುಣ್ಣಾಗಿರುತ್ತದೆ, ಆ ಹುಣ್ಣೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಇದನ್ನು ನಾನು ತಡವಾಗಿ ತಿಳಿದೆ.

ಕೂಸಿಗೆ ಪುಡಿ ಹಾಲು ಕಲಸುವುದಿದ್ದರೆ ಬಾಟಲಿ ನೀರನ್ನು ನೇರವಾಗಿ ಬಳಸಬೇಡಿ. ಪುಡಿಯೂ ಸ್ಟೆರೈಲ್ ಅಲ್ಲ. ಅದರಲ್ಲಿ ಕ್ರೊನೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಎಳೆಗೂಸುಗಳ ಮಿದುಳಿಗೆ ಸೋಂಕು ತರಬಲ್ಲದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ, ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ ಅಂದಿತು. ಆ ಬಿಸಿ ಪುಡಿಯಲ್ಲಿನ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಕುಡಿಸಿ. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಿ. ಕೂಸಿಗೆ ಮಿನರಲ್ ವಾಟರ್ ಬೇಡ, ಲವಣ ಜಾಸ್ತಿಯಾಗಬಹುದು. ನೈಟ್ರೇಟ್ ಲೀಟರ್‌ಗೆ 50 ಮಿಲಿಗ್ರಾಂ ಮೀರಿದ ನೀರಂತೂ ಕೂಡದು, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು.

ಹೃದಯ, ಮೂತ್ರಪಿಂಡದ ರೋಗಿಗಳಿಗೆ ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ಕೊಟ್ಟಿರುತ್ತಾರೆ. ಇಲ್ಲಿ ಕಾಲು ಲೀಟರಿನ ಬಾಟಲಿ ಬೇರೆ ರೀತಿಯಲ್ಲಿ ಸಹಾಯಕ್ಕೆ ಬರುತ್ತದೆ. ಎಷ್ಟು ಬಾಟಲಿ ಖಾಲಿಯಾಯಿತು ಎಣಿಸಿದರೆ ಲೆಕ್ಕ ಕೈಯಲ್ಲೇ.

ಪಾರ್ಶ್ವವಾಯುವಿನಿಂದ ನುಂಗಲು ಕಷ್ಟಪಡುವವರಿಗೆ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆಯ ಆಮ್ಲ ಕೊಲ್ಲುತ್ತಿದ್ದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದುಬಿಡುತ್ತದೆ. ಬಿಸಿನೀರಿನ ಕೊಳವೆಗಳಲ್ಲಿ ಇರುವ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಕೂಡ ಹೀಗೆ ನ್ಯುಮೋನಿಯಾ ತರಬಲ್ಲದು. ಇವರಿಗೆ ಯಾವ ನೀರು ಅನ್ನುವುದಕ್ಕಿಂತ ಮೊದಲು, ಹೇಗೆ ಕುಡಿಸಬೇಕು ಅಂತ ಸಿಸ್ಟರ್ ಹತ್ತಿರ ಕೇಳಿ ಕಲಿಯಿರಿ.

ಯಂತ್ರಕ್ಕೆ, ನಳಿಕೆಗೆ ಬಾಟಲಿ ನೀರು ಹಾಕಬೇಡಿ

ಆಕ್ಸಿಜನ್ ಗುಳ್ಳೆ ಗುಳ್ಳೆಯಾಗಿ ಹಾದುಬರುವ ಚಿಕ್ಕ ಬಾಟಲಿ ಇರುತ್ತದಲ್ಲ, ಹ್ಯುಮಿಡಿಫೈಯರ್. ನೀರು ಕಮ್ಮಿಯಾಯಿತು ಅಂತ ಪಕ್ಕದ ಕುಡಿಯುವ ಬಾಟಲಿಯಿಂದ ಸುರಿದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅದರ ತೇವ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿಗೆ ಸ್ಟೆರೈಲ್ ನೀರೇ ಬೇಕು. ಉಳಿದ ಹಳೇ ನೀರಿನ ಮೇಲೆ ಹೊಸದನ್ನು ತುಂಬಿಸುವುದೂ ತಪ್ಪು, ಪೂರ್ತಿ ಚೆಲ್ಲಿ ತುಂಬಬೇಕು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ಗೂ ಇದೇ ಮಾತು. ಡಿಸ್ಟಿಲ್ಡ್ ಅಂತ ಬರೆದಿದ್ದರೆ ಸ್ಟೆರೈಲ್ ಅಂತ ಅರ್ಥವಲ್ಲ, ಲವಣ ಇಲ್ಲ ಅಂತಷ್ಟೇ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿದ್ದರೆ, ಅದನ್ನು ತೊಳೆಯುವ ನೀರು ಯಾವುದು ಅಂತ ವಾರ್ಡಿನಲ್ಲೇ ಕೇಳಿ. ಬಲಹೀನ ರೋಗಿಗಳಿಗೆ ಅಲ್ಲೂ ಸ್ಟೆರೈಲ್ ನೀರು ಹೇಳುತ್ತಾರೆ.

ಡಯಾಲಿಸಿಸ್ (ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವುದು) ನೀರಿನ ಆಯ್ಕೆ ನಮ್ಮ ಕೈಯಲ್ಲಿಲ್ಲ, ಆದರೂ ಕೇಳುವ ಹಕ್ಕು ನಮಗಿದೆ. ನಾಲ್ಕು ಗಂಟೆಯ ಒಂದು ಸಲದ ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ನೀರು ತೆಳುವಾದ ಪೊರೆಯೊಂದರ ಆಚೆ ರಕ್ತಕ್ಕೆ ಎದುರಾಗಿ ಹರಿಯುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದ ಡಯಾಲಿಸಿಸ್ ಕೇಂದ್ರವೊಂದಕ್ಕೆ ಸರಿಯಾಗಿ ಶುದ್ಧವಾಗದ ನೀರು ಬಂತು. ಅದರಲ್ಲಿ ನೀಲಿ-ಹಸಿರು ಪಾಚಿಯ ವಿಷ ಇತ್ತು. 50ಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೆಟ್ಟು ಸತ್ತರು. ನೀರಿನ ಪರೀಕ್ಷೆ ಯಾವಾಗ ಆಯಿತು ಅಂತ ಕೇಳಿದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೆ ಅಂತ ಹಿಂಜರಿಯಬೇಡಿ.

ಐಸ್ ವಿಷಯ ಹೇಳಲೇಬೇಕು. ಎಷ್ಟು ಜೋಪಾನವಾಗಿ ನೀರು ಆರಿಸಿದರೂ, ಬಾಯಿ ಒಣಗುತ್ತದೆ ಅಂತ ವಾರ್ಡಿನ ಐಸ್ ಯಂತ್ರದ ನಾಲ್ಕು ಚೂರು ಹಾಕಿದರೆ ಅಷ್ಟೂ ಶ್ರಮ ನೀರುಪಾಲು. ಹೆಪ್ಪುಗಟ್ಟಿದರೆ ಬ್ಯಾಕ್ಟೀರಿಯಾ ಎಲ್ಲವೂ ಸಾಯುವುದಿಲ್ಲ. ಯಂತ್ರದ ಒಳಗೂ ಲೋಳೆ ಕಟ್ಟುತ್ತದೆ, ಚಮಚ ಎಲ್ಲರ ಕೈಯಲ್ಲಿ ಓಡಾಡುತ್ತದೆ. ಅಪ್ಪನಿಗೆ ಐಸ್ ಬೇಕೆನಿಸಿದಾಗ ಅಕ್ಕ ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನೇ ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ, ಬಾಯಿ ಅಗಲವಾದ ಫ್ಲಾಸ್ಕಿನಲ್ಲಿ ತರುತ್ತಿದ್ದಳು. ಡಬ್ಬಿಯ ಮೇಲೆ ಒಂದು ಟೇಪು, ಟೇಪಿನ ಮೇಲೆ ಕುದಿಸಿದ ದಿನ ಮತ್ತು ಹೊತ್ತು. ಹಾಸಿಗೆ ಪಕ್ಕದ ಪ್ರತಿ ಬಾಟಲಿಯ ಮೇಲೂ ಅಷ್ಟೇ: ಹೆಸರು, ತೆರೆದ ಗಂಟೆ. ಪೆನ್ನನ್ನು ಮೇಜಿನ ಅಂಚಿಗೆ ದಾರ ಕಟ್ಟಿ ನೇತುಹಾಕಿದ್ದೆವು, ರಾತ್ರಿ ಪಾಳಿಗೆ ಯಾರು ಬಂದರೂ ಹುಡುಕಬೇಕಾಗಿರಲಿಲ್ಲ.